ಸಭೆಯ ಬ್ಯಾನರ್, ಕರಪತ್ರ, ಪರದೆ: ಅಕ್ಷರದಿಂದ ಶುರು ಮಾಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಕ್ರೈಸ್ತ ಸಭೆಗಳಲ್ಲಿ ವಿನ್ಯಾಸದ ಕೆಲಸ ಯಾರೋ ಒಬ್ಬ ಯುವಕನ ಅಥವಾ ಯುವತಿಯ ಹೆಗಲಿಗೆ ಬಿದ್ದಿರುತ್ತದೆ. ಹಗಲು ಬೇರೆ ದುಡಿಮೆ, ರಾತ್ರಿ ಕೂತು ಸಭೆಯ ಪೋಸ್ಟರ್. ಸುಗ್ಗಿ ಹಬ್ಬ, ಕ್ರಿಸ್ಮಸ್, ಉಜ್ಜೀವನ ಕೂಟ, ಮಕ್ಕಳ ವಿ.ಬಿ.ಎಸ್. (ರಜಾದಿನಗಳ ಬೈಬಲ್ ಶಾಲೆ), ಸ್ತ್ರೀ ಸಮಾಜದ ವಾರ್ಷಿಕೋತ್ಸವ ಎಲ್ಲಕ್ಕೂ ಅದೇ ಕೈ. ಈ ಮಾರ್ಗದರ್ಶಿ ಅಂಥವರಿಗಾಗಿ.

ಇಂಥ ಕೆಲಸ ಕೆಡುವುದು ಹೆಚ್ಚಾಗಿ ಚಿತ್ರದಿಂದಲ್ಲ. ಚಿತ್ರ, ಹೊಳಪು, ಪಾರಿವಾಳ, ಸೂರ್ಯಕಿರಣ ಎಲ್ಲ ಇಟ್ಟ ಮೇಲೆ ಉಳಿದ ಸಂದಿಯಲ್ಲಿ ಕನ್ನಡ ತುರುಕುವುದರಿಂದ. ಕೂಟ ಎಲ್ಲಿ, ಯಾವಾಗ ಎಂಬುದನ್ನು ಹೇಳುವುದು ಅಕ್ಷರ. ದೇವರ ವಾಕ್ಯವನ್ನು ಹೊರುವುದೂ ಅಕ್ಷರವೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಅದು ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕೈಯಲ್ಲಿ ಬರೆದ ಅಕ್ಷರದ ರೂಪ ಒಡೆಯದೆ ಹಾಳೆಗೆ ಇಳಿಯಿತು. ಆ ಪರಂಪರೆಯ ಸಭೆಗಳು ಒತ್ತಕ್ಷರ ಮುರಿದ ಬ್ಯಾನರನ್ನು ಚರ್ಚಿನ ಬಾಗಿಲಿಗೆ ಕಟ್ಟಬಾರದು ಎಂಬುದು ನಮ್ಮ ಕಳಕಳಿ. ಹಾಗಾಗಿ ಇಲ್ಲಿನ ಕ್ರಮದಲ್ಲಿ ಅಕ್ಷರ ಮೊದಲು, ಚಿತ್ರ ಆಮೇಲೆ.

1. ಮೊದಲು ಒಂದು ಹಾಳೆ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಎಲ್ಲ ಮಾತನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಏನು ಕಾರ್ಯಕ್ರಮ, ಯಾವ ವಾರ, ಯಾವ ದಿನಾಂಕ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಕ್ತಾಯ, ಎಲ್ಲಿ, ಕರೆಯುತ್ತಿರುವವರು ಯಾರು, ವಿಚಾರಿಸಲು ಯಾವ ನಂಬರ್. ಇದಕ್ಕೆ ಸಭಾಪಾಲಕರ ಇಲ್ಲವೇ ಧರ್ಮಕೇಂದ್ರದ ಗುರುಗಳ ಸಹಿ ಹಾಕಿಸಿ. ಅತಿಥಿಗಳ ಹೆಸರು, ಹೆಸರಿನ ಹಿಂದಿನ ‘ರೆ.’, ‘ಫಾ.’, ‘ಸಿಸ್ಟರ್’, ಯಾರ ಹೆಸರು ಮೇಲೆ ಯಾರದು ಕೆಳಗೆ ಎಂಬುದೂ ಅದೇ ಹಾಳೆಯಲ್ಲಿರಲಿ. ಮುದ್ರಣ ಮುಗಿದ ಮೇಲೆ ಏಳುವ ಮನಸ್ತಾಪಗಳಲ್ಲಿ ಹೆಚ್ಚಿನವು ಈ ಹಾಳೆ ಇಲ್ಲದ್ದರಿಂದಲೇ ಏಳುತ್ತವೆ.

ಸ್ಥಳವನ್ನು ಊರಿನವರ ಕಣ್ಣಿನಿಂದಲ್ಲ, ಹೊರಗಿನಿಂದ ಬರುವವರ ಕಣ್ಣಿನಿಂದ ಬರೆಯಿರಿ. ಬಾಗಲಕೋಟೆ ಎಂದಷ್ಟೇ ಹಾಕಿದರೆ ಸಾಲದು. ಆಲಮಟ್ಟಿ ಹಿನ್ನೀರಿನ ನಂತರ ಊರು ಹಳೇ ಬಾಗಲಕೋಟೆ, ವಿದ್ಯಾಗಿರಿ, ನವನಗರ ಎಂದು ಹರಡಿಕೊಂಡಿದೆ. ನವನಗರವಾದರೆ ಸೆಕ್ಟರ್ ಸಂಖ್ಯೆ ಬೇಕೇ ಬೇಕು. ಬೆಂಗಳೂರಿನ ಕಡೆಯಿಂದ ಬೋಧಕರು ಬರುವುದಿದ್ದರೆ ‘ವಿಜಯಪುರ’ದ ಪಕ್ಕ ‘ಬಿಜಾಪುರ’ ಎಂದೂ ಹಾಕಿ. ದೇವನಹಳ್ಳಿ ಪಕ್ಕದಲ್ಲೂ ಒಂದು ವಿಜಯಪುರ ಇದೆ. ಬೆಳಗಾವಿಯಲ್ಲಿ ಕ್ಯಾಂಪ್, ಶಹಾಪುರ, ಟಿಳಕವಾಡಿ ಎಂಬ ಬಡಾವಣೆಯ ಹೆಸರಿನ ಜೊತೆಗೆ ಎಲ್ಲರೂ ಬಲ್ಲ ಒಂದು ಗುರುತು ಇರಲಿ.

ಮುಕ್ತಾಯದ ಸಮಯವನ್ನು ಬಿಡಬೇಡಿ. ಹಳ್ಳಿಗೆ ಮರಳುವವರು ಕೊನೆಯ ಬಸ್ಸನ್ನು ನೋಡಿಕೊಂಡೇ ಬರುವುದನ್ನು ನಿರ್ಧರಿಸುತ್ತಾರೆ. ಬಯಲಿನ ಕೂಟವಾದರೆ ಇನ್ನೊಂದು ಕಾರಣವಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಪದಗಳು ಸಭೆಯಿಂದ ಸಭೆಗೆ ಬೇರೆ. ಕಥೋಲಿಕರಲ್ಲಿ ಬಲಿಪೂಜೆ, ಶುಭಸಂದೇಶ, ತಪಸ್ಸುಕಾಲ; ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಗಳಲ್ಲಿ ಆರಾಧನೆ, ಸುವಾರ್ತೆ, ಲೆಂಟ್. ಯಾರ ಕಾರ್ಯಕ್ರಮವೋ ಅವರ ಮಾತನ್ನೇ ಬಳಸಿ. ‘ಎಲ್ಲ ಕಾಯಿಲೆ ಖಂಡಿತ ವಾಸಿ’ ಎಂಬಂಥ ಭರವಸೆಯನ್ನು ಯಾರು ಹೇಳಿದರೂ ಅಚ್ಚು ಹಾಕಬೇಡಿ. ಪವಾಡದ ಚಿಕಿತ್ಸೆಯ ಜಾಹೀರಾತುಗಳನ್ನು ತಡೆಯಲೆಂದೇ 1954ರಿಂದ ಕಾಯ್ದೆಯಿದೆ. ಅದಕ್ಕಿಂತ ಮುಖ್ಯವಾಗಿ, ಆ ಸಾಲನ್ನು ನಂಬಿ ಔಷಧ ಬಿಡುವ ರೋಗಿ ಒಬ್ಬರಿದ್ದರೂ ಆ ಪೋಸ್ಟರ್ ಮಾಡಿದ್ದು ತಪ್ಪೇ. ‘ರೋಗಿಗಳಿಗಾಗಿ ಪ್ರಾರ್ಥನೆ ಇರುತ್ತದೆ’ ಎಂದು ಬರೆದರೆ ಸಾಕು, ಅದು ನಿಜವೂ ಹೌದು.

2. ಅಕ್ಷರ: ಅರ್ಧ ಕೆಲಸ ಇಲ್ಲಿಯೇ

ನುಡಿ, ಬರಹ ತಂತ್ರಾಂಶಗಳ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಕನ್ನಡ ಯುನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅದೇ ಪಠ್ಯವನ್ನು ಮೊಬೈಲಿಗೆ, ಕ್ಯಾನ್ವಾ ಎಂಬ ವಿನ್ಯಾಸದ ತಂತ್ರಾಂಶಕ್ಕೆ ಅಂಟಿಸಿದರೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಚರ್ಚಿನ ಹಳೆಯ ಆರಾಧನಾ ಕ್ರಮ, ಹಾಡಿನ ಹಾಳೆಗಳು ಹೆಚ್ಚಾಗಿ ಈ ರೂಪದಲ್ಲೇ ಇರುತ್ತವೆ. ಪರಿವರ್ತಕ ಬಳಸಿ ಒಮ್ಮೆಗೇ ಯುನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಡಿ: ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಒತ್ತಕ್ಷರವಿದ್ದ ಕಡೆ ದೀರ್ಘ ಕಳಚಿರುತ್ತದೆ, ಉದ್ಧರಣ ಚಿಹ್ನೆ ಮತ್ತು ಅಡ್ಡಗೆರೆ ಏನೇನೋ ಆಗಿರುತ್ತವೆ.

ಯುನಿಕೋಡ್ ಪಠ್ಯವಿದ್ದರೂ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರಬೇಕು. ಬಾರದಿದ್ದರೆ ‘ಕ್ರಿಸ್ತ’ ಒತ್ತಾಗಿ ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಅದರೊಳಗೆ ಟೈಪ್‌ಗೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ. ಇನ್ನೂ ಹಳೆಯದರಲ್ಲಿ ಅದೇ ಆಯ್ಕೆಗೆ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂದು ಹೆಸರು. ಆಮೇಲೆ ಹೊಸ ಫೈಲ್ ತೆರೆದು ಟೈಪ್ ಮಾಡಿ. ಇಲಸ್ಟ್ರೇಟರಿನಲ್ಲಿ ಟೈಪ್ ಪ್ರಿಫರೆನ್ಸಿನ ‘ಶೋ ಇಂಡಿಕ್ ಆಪ್ಷನ್ಸ್’ಗೆ ಗುರುತು ಹಾಕಬೇಕು. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಮೆನುವಿನ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಬೇಕು. ಕೋರೆಲ್ ಡ್ರಾ ಇದನ್ನು ಕಲಿತದ್ದು 2012ರ ಎಕ್ಸ್6 ಆವೃತ್ತಿಯಲ್ಲಿ. ಅಂಗಡಿಯಲ್ಲಿ ಅದಕ್ಕಿಂತ ಹಳೆಯದಿದ್ದರೆ ನಿಮ್ಮ ಯುನಿಕೋಡ್ ಪಠ್ಯವನ್ನು ಅವರು ಮತ್ತೆ ನುಡಿಯಲ್ಲಿ ಟೈಪ್ ಮಾಡುತ್ತಾರೆ, ಕಾಗುಣಿತದ ತಪ್ಪು ಹೊಕ್ಕುವುದು ಆ ಹೊತ್ತಿನಲ್ಲೇ. ದುಡ್ಡು ಖರ್ಚಿಲ್ಲದೆ ಕನ್ನಡವನ್ನು ಸರಿಯಾಗಿ ಜೋಡಿಸುವ ತಂತ್ರಾಂಶ ಬೇಕಿದ್ದರೆ ಇಂಕ್‌ಸ್ಕೇಪ್ ಇದೆ.

ಫಾಂಟಿನ ವಿಷಯಕ್ಕೆ ಬರೋಣ. ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುವವು ಸಭೆಯ ಕೆಲಸಕ್ಕೆ ಧಾರಾಳ ಸಾಕು. ದೂರದಿಂದ ಕಾಣಬೇಕಾದ ತಲೆಬರಹಕ್ಕೆ ಬಾಲೂ ತಮ್ಮ 2 ಅಥವಾ ಅನೇಕ್ ಕನ್ನಡ. ಅನೇಕ್‌ನಲ್ಲಿ ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದು, ಹಾಗಾಗಿ ಉದ್ದದ ಹೆಸರನ್ನು ಹಿಂಡದೆ ಒಂದೇ ಸಾಲಿಗೆ ಕೂಡಿಸಲು ಅನುಕೂಲ. ಓದುವ ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ. ಟೀರೋ ಕನ್ನಡ ವಚನಕ್ಕೆ ಬಲು ಸುಂದರ, ಆದರೆ ಅದಕ್ಕೆ ದಪ್ಪ ರೂಪವೇ ಇಲ್ಲ. ‘ಬೋಲ್ಡ್’ ಒತ್ತಿದರೆ ತಂತ್ರಾಂಶ ಗೆರೆಯನ್ನು ಸುಮ್ಮನೆ ಊದಿಸಿ ಸುಳಿಗಳನ್ನು ಮುಚ್ಚಿಬಿಡುತ್ತದೆ. ಒಂದು ಪೋಸ್ಟರಿಗೆ ಎರಡು ಫಾಂಟ್ ಸಾಕು.

ಯಾವುದೇ ಹೊಸ ಫಾಂಟನ್ನು ಬಳಸುವ ಮೊದಲು ಈ ಪದಗಳನ್ನು ಟೈಪ್ ಮಾಡಿ ನೋಡಿ: ಕ್ರಿಸ್ತ, ಸ್ತೋತ್ರ, ಸ್ತ್ರೀ, ಶಾಸ್ತ್ರಿ, ಪುನರುತ್ಥಾನ, ಜ್ಞಾನ, ಕೃಪೆ, ಆಶೀರ್ವಾದ, ಆಶ್ಚರ್ಯ, ಉಜ್ಜೀವನ. ‘ಸ್ತ್ರೀ’ಯಲ್ಲಿ ಎರಡು ಒತ್ತು ಸೇರುವುದರಿಂದ ಅದು ಸಾಲಿನ ತಳದಲ್ಲಿ ಕತ್ತರಿಸಿಹೋಗುವ ಸಂಭವ ಹೆಚ್ಚು. ‘ಪುನರುತ್ಥಾನ’ದ ತ್ಥ ಸಣ್ಣ ಗಾತ್ರದಲ್ಲಿ ಕಲೆಯಂತಾಗುತ್ತದೆ. ‘ಕೃಪೆ’ ಅವಸರದಲ್ಲಿ ‘ಕ್ರುಪೆ’ ಆಗುತ್ತದೆ. ಈ ಹತ್ತು ಪದ ಸರಿಯಾಗಿ ಮೂಡಿದರೆ ಸಭೆಯ ಬಹುಪಾಲು ಪಠ್ಯ ಸರಿಯಾಗಿ ಮೂಡುತ್ತದೆ.

ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ: 12 ಪಾಯಿಂಟ್ ಅಕ್ಷರಕ್ಕೆ 18. ಇಂಗ್ಲಿಷಿಗೆ ಹೊಂದುವ 14 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಬಲವಂತದ ಅಂತರ ಬೇಡ. ಎರಡೂ ಅಂಚಿಗೆ ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ಕಿರಿದಾದ ಕಾಲಮ್ಮಿನಲ್ಲಿ ‘ಪ್ರಾರ್ಥಿಸಿಕೊಳ್ಳುತ್ತಿರುವವರಿಗೆ’ ಎಂಬಂಥ ಒಂದೇ ಪದ ಬಂದರೆ ಉಳಿದವುಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ. ಎಡಕ್ಕೆ ಸಮ ಮಾಡಿ ಬಲವನ್ನು ಬಿಟ್ಟುಬಿಡಿ.

ಅಕ್ಷರದ ಸುತ್ತ ಬಿಳಿ ಅಂಚು ಬೇಕೆಂದರೆ ಅಂಚನ್ನು ಅಕ್ಷರದ ಹಿಂದೆ ಇಡಿ. ಮುಂದೆ ಇಟ್ಟರೆ ಅದು ಒಳಗೂ ಬೆಳೆದು ‘ಬ’, ‘ಭ’, ‘ಚ’ಗಳ ಹೊಟ್ಟೆಯನ್ನು ತುಂಬುತ್ತದೆ. ಎಐ ಉಪಕರಣದಿಂದ ಚಿತ್ರ ಮಾಡಿಸುವುದಿದ್ದರೂ ಅಕ್ಷರವನ್ನು ಅದರ ಕೈಗೆ ಕೊಡಬೇಡಿ. ಕನ್ನಡದಂತೆ ಕಾಣುವ, ಕನ್ನಡವಲ್ಲದ ಆಕಾರಗಳನ್ನು ಅದು ಬರೆದುಬಿಡಬಹುದು.

3. ವಚನ

ಯಾವ ಅನುವಾದ ಎಂದು ಮೊದಲು ಕೇಳಿ. ಭಾರತೀಯ ಸತ್ಯವೇದ ಸಂಘದ ಹಳೆಯ ‘ಸತ್ಯವೇದವು’ ಓದುವ ಸಭೆಯಲ್ಲಿ ‘ಯೆಹೋವ’, ‘ಯೋಹಾನ’. ಕಥೋಲಿಕರು ಓದುವ ಅನುವಾದದಲ್ಲಿ ‘ಸರ್ವೇಶ್ವರ’, ‘ಯೊವಾನ್ನ’. ಮೊಬೈಲಿನಲ್ಲಿ ಮೊದಲು ಸಿಕ್ಕ ಅನುವಾದವನ್ನು ಅಂಟಿಸಿದರೆ ಜನ ಬಾಯಿಪಾಠ ಬಲ್ಲ ಮಾತು ಗೋಡೆಯ ಮೇಲೆ ಬೇರೆಯಾಗಿ ಕಾಣುತ್ತದೆ. ವಚನವನ್ನು ಮುದ್ರಿತ ಪುಸ್ತಕದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕೆಳಗೆ ಅಧ್ಯಾಯ ಮತ್ತು ವಚನ ಸಂಖ್ಯೆ ಹಾಕಿ. ಪುಸ್ತಿಕೆ, ಕ್ಯಾಲೆಂಡರಿಗೆ ಹೆಚ್ಚು ವಚನ ಬಳಸುವುದಿದ್ದರೆ ಪ್ರಕಾಶಕರ ಅನುಮತಿ ಕೇಳಿ, ಅನುವಾದಗಳಿಗೆ ಹಕ್ಕುಸ್ವಾಮ್ಯವಿದೆ.

ಸಾಲು ಮುರಿಯುವುದು ಜಾಗ ಮುಗಿದ ಕಡೆಯಲ್ಲ, ಅರ್ಥ ನಿಂತ ಕಡೆ. ಕೀರ್ತನೆ 23ರ ಮೊದಲ ವಚನವನ್ನು ಹೀಗೆ ಇಡಬೇಕು:

ಯೆಹೋವನು ನನಗೆ ಕುರುಬನು;
ಕೊರತೆಪಡೆನು.

‘ನನಗೆ’ ಎಂಬಲ್ಲಿ ಮುರಿದು ‘ಕುರುಬನು, ಕೊರತೆಪಡೆನು’ ಎಂದು ಕೆಳಗೆ ಇಟ್ಟರೆ ಎರಡು ಮಾತೂ ಕೆಡುತ್ತವೆ. ಜಾಗ ಸಾಲದಿದ್ದರೆ ಚಿಕ್ಕ ವಚನವನ್ನು ಆರಿಸಿ, ದೊಡ್ಡದನ್ನು ಕತ್ತರಿಸಬೇಡಿ.

4. ಕನ್ನಡದ ಜೊತೆ ಮರಾಠಿ

ಬೆಳಗಾವಿಯಲ್ಲಿ ಇದು ದಿನನಿತ್ಯದ ಸಮಸ್ಯೆ. ಒಂದೇ ಆವರಣದಲ್ಲಿ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಆರಾಧನೆ ನಡೆಯುವುದುಂಟು. ದೇವನಾಗರಿಯ ಮಾತ್ರೆಗಳು ತಲೆಗೆರೆಯ ಮೇಲೆ ಏಳುತ್ತವೆ, ಕನ್ನಡದ ಒತ್ತುಗಳು ಕೆಳಗೆ ಇಳಿಯುತ್ತವೆ. ಕನ್ನಡದ ಸಾಲು ಮೇಲಿದ್ದು ಅದರ ಅಡಿಯಲ್ಲೇ ಮರಾಠಿ ಬಂದರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಡುವೆ ಕನಿಷ್ಠ ಒಂದು ಒತ್ತಕ್ಷರದಷ್ಟು ಹೆಚ್ಚು ಜಾಗ ಬಿಡಿ. ಎರಡು ಲಿಪಿಗೂ ಒಂದೇ ಕುಟುಂಬದ ಫಾಂಟ್ ಆರಿಸಿ: ಅನೇಕ್ ಕನ್ನಡದ ಜೊತೆ ಅನೇಕ್ ದೇವನಾಗರಿ, ನೋಟೋದ ಜೊತೆ ನೋಟೋ. ಗಾತ್ರದ ಅಂಕಿ ಒಂದೇ ಇಟ್ಟರೆ ಸಾಲದು. ‘ಅ’ ಮತ್ತು ದೇವನಾಗರಿಯ ‘ಅ’ ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣಿಗೆ ಸಮ ಕಾಣುವವರೆಗೆ ಹೊಂದಿಸಿ.

ಸಭೆಯ ಟ್ರಸ್ಟು, ಆಸ್ಪತ್ರೆಗಳ ಶಾಶ್ವತ ನಾಮಫಲಕದ ಮಾತು ಬೇರೆ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯ ಪ್ರಕಾರ ಫಲಕದ ಶೇ. 60 ಭಾಗ ಕನ್ನಡದಲ್ಲಿದ್ದು, ಕನ್ನಡ ಮೇಲ್ಭಾಗದಲ್ಲಿರಬೇಕು.

ಮೂರು ಭಾಷೆಯನ್ನು ಒಂದೇ ಕರಪತ್ರದಲ್ಲಿ ತುಂಬುವುದಕ್ಕಿಂತ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಮಾಡುವುದು ಒಳ್ಳೆಯದು. ಎಲ್ಲರಿಗೂ ಸಣ್ಣ ಅಕ್ಷರ ಕೊಡುವುದು ಯಾರಿಗೂ ಕೊಡದಂತೆ.

5. ಬ್ಯಾನರ್: ಲೆಕ್ಕ ಹಾಕಿ ಇಳಿಸಿ

ಒಂದು ಇಂಚು ಎತ್ತರದ ಅಕ್ಷರ 10 ಅಡಿ ದೂರಕ್ಕೆ ಸಲೀಸಾಗಿ ಓದಿಸಿಕೊಳ್ಳುತ್ತದೆ ಎಂಬುದು ಫಲಕ ಬರೆಯುವವರ ಅಂದಾಜು. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರದ ಸುಮಾರು ಅರ್ಧದಷ್ಟೇ ಇರುತ್ತದೆ, ಹಾಗಾಗಿ ಒಂದೂವರೆ ಪಟ್ಟು ಹೆಚ್ಚಿಸಿ. ರಸ್ತೆಯಿಂದ 40 ಅಡಿ ದೂರದಲ್ಲಿ ಕಟ್ಟುವ ಬ್ಯಾನರಿನ ತಲೆಬರಹಕ್ಕೆ 6 ಇಂಚಿನ ಅಕ್ಷರ ಬೇಕು.

ಈಗ 6 ಅಡಿ ಅಗಲ, 3 ಅಡಿ ಎತ್ತರದ ಬ್ಯಾನರ್ ತೆಗೆದುಕೊಳ್ಳಿ. ಎತ್ತರ 36 ಇಂಚು. 6 ಇಂಚಿನ ಅಕ್ಷರಕ್ಕೆ ಒತ್ತು ಮತ್ತು ಅಂತರ ಸೇರಿ 9 ಇಂಚು ಬೇಕು. ತಲೆಬರಹ ಎರಡು ಸಾಲಾದರೆ 18. ದಿನ-ಸಮಯದ ಸಾಲು 4 ಇಂಚಿನ ಅಕ್ಷರದಲ್ಲಿ, ಅಂತರ ಸೇರಿ 6. ಸ್ಥಳದ ಸಾಲು ಇನ್ನು 6. ಮೇಲೆ ಕೆಳಗೆ ತಲಾ 3 ಇಂಚು ಅಂಚು. 36 ಮುಗಿಯಿತು. ಅಗಲದಲ್ಲಿ ಅಂಚು ಬಿಟ್ಟು 66 ಇಂಚು ಉಳಿಯುತ್ತದೆ. 6 ಇಂಚಿನ ಕನ್ನಡ ಅಕ್ಷರ ಸುಮಾರು 7 ಇಂಚು ಅಗಲ, ಅಂದರೆ ಒಂದು ಸಾಲಿಗೆ 9 ಅಕ್ಷರ. ‘ಸುಗ್ಗಿ ಹಬ್ಬದ’ ಒಂದು ಸಾಲು, ‘ಆರಾಧನೆ’ ಇನ್ನೊಂದು ಸಾಲು, ಆರಾಮಾಗಿ ಕೂಡುತ್ತದೆ.

ಹನ್ನೆರಡು ಜನ ಸಮಿತಿ ಸದಸ್ಯರ ಫೋಟೋಗೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಫೋಟೋ ಬೇಕೇ ಬೇಕೆಂದರೆ ಬ್ಯಾನರನ್ನು 10 ಅಡಿಗೆ ಹಿಗ್ಗಿಸಿ, ಇಲ್ಲವೇ ಹೆಸರುಗಳನ್ನು ಕರಪತ್ರದ ಹಿಂಬದಿಗೆ ಸಾಗಿಸಿ. ಅಕ್ಷರ ಕುಗ್ಗಿಸುವುದು ಮಾತ್ರ ಪರಿಹಾರವಲ್ಲ. ಸಮಿತಿಗೆ ಇದನ್ನು ಬಾಯಲ್ಲಿ ಹೇಳಿದರೆ ವಾದವಾಗುತ್ತದೆ. ಹಾಳೆಯ ಮೇಲೆ ಇಂಚುಗಳ ಲೆಕ್ಕ ತೋರಿಸಿದರೆ ಒಪ್ಪುತ್ತಾರೆ.

ಫೈಲನ್ನು ನಿಜ ಅಳತೆಯಲ್ಲಿ ಇಂಚಿಗೆ 72ರಿಂದ 100 ಪಿಕ್ಸೆಲ್‌ಗೆ ಮಾಡಿ: 6×3 ಅಡಿಗೆ 100ರಂತೆ 7200×3600. ಬ್ಯಾನರಿಗೆ 300 ಬೇಕೆಂದು ಹಟ ಹಿಡಿದರೆ ಕಂಪ್ಯೂಟರ್ ಒದ್ದಾಡುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮೇಲೆ ಕೆಳಗೆ ಕೋಲು ತೂರಿಸಲು ಬಟ್ಟೆ ಮಡಚಿ ಹೊಲಿಯುವುದಿದ್ದರೆ ಎರಡೂ ಕಡೆ 3 ಇಂಚು ಹೆಚ್ಚುವರಿ ಹಿನ್ನೆಲೆ ಕೊಡಿ. ಇಲ್ಲದಿದ್ದರೆ ಸ್ಥಳದ ಸಾಲು ಮಡಿಕೆಯೊಳಗೆ ಹೋಗುತ್ತದೆ. ಬೇಸಗೆಯ ಗಾಳಿಗೆ ನಾಲ್ಕು ಮೂಲೆಯ ರಿಂಗ್ ಮಾತ್ರ ನಂಬಿದರೆ ಮೂಲೆ ಕಿತ್ತುಬರುತ್ತದೆ. ಮೇಲೆ ಕೆಳಗೆ ಬಿದಿರು ತೂರಿಸಿ ಕಟ್ಟಿ.

ಫ್ಲೆಕ್ಸ್ ಬೇಡ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್ ಎಲ್ಲವೂ ನಿಷೇಧವಾಗಿವೆ. ಅಂಗಡಿಯಲ್ಲಿ ಸಿಗುತ್ತದೆಂಬುದು ಸಭೆಗೆ ಕಾರಣವಾಗಬಾರದು. ಹತ್ತಿ ಬಟ್ಟೆಯ ಮೇಲೆ ಮುದ್ರಿಸಿದರೆ ಶಾಯಿ ಸ್ವಲ್ಪ ಹರಡುತ್ತದೆ, ಆದ್ದರಿಂದ ಅತಿ ದಪ್ಪ ಅಕ್ಷರವೂ ಬೇಡ, ಎಳೆಯಂಥ ತೆಳು ಅಕ್ಷರವೂ ಬೇಡ. ಹೊಟ್ಟೆ ತೆರೆದಿರುವ ಮಧ್ಯಮ ದಪ್ಪ ಸಾಕು. ಮೊದಲು ಒಂದು ಅಡಿ ತುಂಡಿನ ಮೇಲೆ ‘ಸ್ತೋತ್ರ’ ಎಂದು ಮುದ್ರಿಸಿ ನೋಡಿ. ಬಟ್ಟೆಯ ಮೇಲೆ ಕೈಯಲ್ಲಿ ಬರೆಯುವ ಕಲಾವಿದರು ಊರಲ್ಲಿದ್ದರೆ ಅವರನ್ನೇ ಕೇಳಿ. ಅವರ ಕೈಯ ಕನ್ನಡಕ್ಕೆ ಫಾಂಟಿನಲ್ಲಿ ಸಿಗದ ಜೀವವಿದೆ. ಅವರಿಗೆ ಪಠ್ಯವನ್ನು ಫೋನಿನಲ್ಲಿ ಹೇಳಬೇಡಿ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಹಾಳೆ ಕೊಡಿ.

ಎಲ್ಲಿ ಕಟ್ಟುತ್ತೀರಿ ಎಂಬುದಕ್ಕೆ ಅನುಮತಿ ಬೇಕು. ಸಾರ್ವಜನಿಕ ಸ್ಥಳಗಳಿಗೆ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಅನ್ವಯಿಸುತ್ತದೆ. ಬೆಳಗಾವಿಯ ಕ್ಯಾಂಪ್ ಭಾಗಕ್ಕೆ ಕಂಟೋನ್ಮೆಂಟ್ ಬೋರ್ಡ್, ಉಳಿದ ನಗರಕ್ಕೆ ಮಹಾನಗರ ಪಾಲಿಕೆ. ಅರ್ಜಿ ಬರೆಯುವ ಮೊದಲು ಜಾಗ ಯಾರ ವ್ಯಾಪ್ತಿಯದು ಎಂದು ತಿಳಿದುಕೊಳ್ಳಿ. ಬೇರೆಯವರ ಗುಡಿ, ದರ್ಗಾ, ಮನೆಗಳ ಗೋಡೆಯಿಂದ ದೂರವಿರಿ.

6. ಕರಪತ್ರ ಮತ್ತು ಪುಸ್ತಿಕೆ

ಪ್ರೆಸ್ಸಿನಲ್ಲಿ ಎಲ್ಲರೂ ‘ಪಾಂಪ್ಲೆಟ್’ ಎನ್ನುವ ಒಂದು ಹಾಳೆಯ ಕರಪತ್ರಕ್ಕೆ ಎ5 ಅಳತೆ ಅನುಕೂಲ: 148×210 ಮಿ.ಮೀ. ಸುತ್ತ 3 ಮಿ.ಮೀ. ಹೆಚ್ಚುವರಿ ಹಿನ್ನೆಲೆ ಸೇರಿಸಿ 154×216 ಮಾಡಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 1819×2551. ಕತ್ತರಿಸುವ ಗೆರೆಯಿಂದ ಒಳಗೆ 5 ಮಿ.ಮೀ. ತನಕ ಅಕ್ಷರ ಬೇಡ. ಕನ್ನಡ ಪಠ್ಯ 11 ಪಾಯಿಂಟ್‌ಗಿಂತ ಕೆಳಗಿಳಿಯದಿರಲಿ, ಹಿರಿಯರು ಹಿಡಿದು ಓದುವ ಆರಾಧನಾ ಕ್ರಮಕ್ಕೆ 14.

ಸಣ್ಣ ಅಕ್ಷರಕ್ಕೆ ಬರೀ ಕಪ್ಪು ಶಾಯಿ ಬಳಸಿ. ನಾಲ್ಕು ಬಣ್ಣ ಬೆರೆಸಿದ ಕಪ್ಪು ಅಥವಾ ಕಂದು ಅಕ್ಷರವಾದರೆ, ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಸರಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ಕಡು ಹಿನ್ನೆಲೆಯ ಮೇಲೆ ಬಿಳಿ ಸಣ್ಣ ಅಕ್ಷರ ಬಿಟ್ಟರೆ ಶಾಯಿ ಒಳಗೆ ಹರಿದು ಸುಳಿ ಮುಚ್ಚುತ್ತದೆ. ಬಿಡಲೇಬೇಕೆಂದರೆ 14 ಪಾಯಿಂಟ್, ದಪ್ಪ ರೂಪ.

ಒಂದೇ ಬಣ್ಣದ ಕರಪತ್ರಕ್ಕೆ 70 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಸಾದಾ ಹಾಳೆ; ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಸಾಕು, ಎರಡೂ ಬದಿ ಮುದ್ರಿಸಿದರೆ ಹಿಂದಿನದು ಕಾಣದಂತೆ 90-100ಕ್ಕೆ ಏರಿಸಿ. ನಾಲ್ಕು ಬಣ್ಣಕ್ಕೆ 130ರ ಆರ್ಟ್ ಪೇಪರ್. 170ಕ್ಕಿಂತ ದಪ್ಪದ ಹಾಳೆಯನ್ನು ಮಡಚುವುದಿದ್ದರೆ ಮೊದಲು ಮಡಿಕೆಯ ಜಾಗಕ್ಕೆ ಕ್ರೀಸ್, ಅಂದರೆ ಒತ್ತುಗೆರೆ, ಹಾಕಿಸಿ, ಇಲ್ಲದಿದ್ದರೆ ಮಡಿಕೆಯಲ್ಲಿ ಶಾಯಿ ಬಿರಿಯುತ್ತದೆ. ಎ4 ಹಾಳೆಯ ಮೂರು ಮಡಿಕೆಯಲ್ಲಿ ಅಗಲವನ್ನು 99-99-99 ಮಾಡಬೇಡಿ, 100-100-97 ಮಾಡಿ. ಒಳಗೆ ಮಡಚುವ ಭಾಗ ಕಿರಿದಾಗಿರಬೇಕು. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲಿರುತ್ತವೆ. 13 ಪುಟದ ಪಠ್ಯ 16 ಪುಟವಾಗುತ್ತದೆ, ಆ ಮೂರು ಪುಟಕ್ಕೆ ಹಾಡು ಸೇರಿಸಿ.

ಪ್ರೆಸ್ಸಿಗೆ ಕೊಡುವ ಫೈಲಿನಲ್ಲಿ ಅಕ್ಷರವನ್ನು ಕರ್ವ್ ಮಾಡಿ (ಫಾಂಟ್ ಇಲ್ಲದ ಕಡೆಯೂ ರೂಪ ಕೆಡದಂತೆ ಗೆರೆಯ ಆಕಾರವಾಗಿ ಬದಲಿಸಿ) ಪಿಡಿಎಫ್ ಕೊಡಿ, ತಿದ್ದಬಹುದಾದ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಫೋಟೋ ಆಗಿ ಹೋದದ್ದು ದಾರಿಯಲ್ಲೇ ಕುಗ್ಗುತ್ತದೆ. ದಾರಿ ತೋರಿಸಲು ಕ್ಯೂಆರ್ ಕೋಡ್ ಹಾಕುವುದಿದ್ದರೆ ಕರಪತ್ರದಲ್ಲಿ 2 ಸೆಂ.ಮೀ.ಗಿಂತ ಚಿಕ್ಕದು ಬೇಡ, ಸುತ್ತ ಖಾಲಿ ಬಿಳಿ ಇರಲಿ.

7. ಪರದೆ ಮತ್ತು ಮೊಬೈಲ್

ಹಾಡಿನ ಸ್ಲೈಡಿಗೆ ನಾಲ್ಕು ಸಾಲು ಮಿತಿ. ಅಗಲ ಪರದೆಯ ಪವರ್‌ಪಾಯಿಂಟಿನಲ್ಲಿ 44ರಿಂದ 54 ಪಾಯಿಂಟ್. ಪಲ್ಲವಿಯನ್ನು ಪ್ರತಿ ಚರಣದ ನಂತರ ಮತ್ತೆ ಸ್ಲೈಡ್ ಆಗಿಯೇ ಇಡಿ. ‘ಪಲ್ಲವಿ’ ಎಂದು ಸೂಚಿಸಿ ಬಿಟ್ಟರೆ ಹೊಸಬರು ಹಾಡುವುದನ್ನು ನಿಲ್ಲಿಸುತ್ತಾರೆ. ಚರಣ ಮುರಿಯಬೇಕಾದರೆ ಉಸಿರು ನಿಲ್ಲುವ ಕಡೆ ಮುರಿಯಿರಿ. ಹಾಡಿನ ಹಾಳೆ ಇಟ್ಟುಕೊಂಡು ಬೇಗ ತೋರಿಸಲು ಓಪನ್‌ಎಲ್‌ಪಿ ಎಂಬ ಉಚಿತ ತಂತ್ರಾಂಶವಿದೆ, ಯುನಿಕೋಡ್ ಪಠ್ಯವಿದ್ದರೆ ಸಾಕು.

ಹಗಲು ಕಿಟಕಿಯ ಬೆಳಕಿರುವ ಚರ್ಚಿನಲ್ಲಿ ಬಿಳಿ ಹಿನ್ನೆಲೆ, ಕಡುಕಪ್ಪು ಅಕ್ಷರ. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಗೋಡೆ ಎಷ್ಟು ಬೆಳಗಿದೆಯೋ ಅದೇ ಅದರ ‘ಕಪ್ಪು’. ರಾತ್ರಿ ಕೂಟಕ್ಕೆ ಕಪ್ಪಿನ ಮೇಲೆ ಬಿಳಿ ಕಣ್ಣಿಗೆ ಹಿತ. ಅಕ್ಷರದ ಹಿಂದೆ ಓಡುವ ವಿಡಿಯೊ ಹಾಕಬೇಡಿ, ಹಿರಿಯರಿಗೆ ಓದಲಾಗುವುದಿಲ್ಲ. ಚರ್ಚಿನ ಲ್ಯಾಪ್‌ಟಾಪಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ವಿಂಡೋಸ್ ತನ್ನ ತುಂಗಾ ಅಥವಾ ನಿರ್ಮಲಾ ಫಾಂಟಿಗೆ ಬದಲಿಸಿಕೊಂಡು ಸಾಲುಗಳನ್ನು ಕದಡುತ್ತದೆ. ಪವರ್‌ಪಾಯಿಂಟಿನ ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಒಳಗೇ ಸೇರಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಫಾಂಟನ್ನೂ ಒಯ್ಯಿರಿ.

ಮೊಬೈಲ್ ಪೋಸ್ಟರಿಗೆ 1080×1080 ಅಥವಾ 1080×1350, ಸ್ಟೇಟಸ್ಸಿಗೆ 1080×1920, ಯೂಟ್ಯೂಬ್ ಮುಖಚಿತ್ರಕ್ಕೆ 1280×720. 1080 ಅಗಲದಲ್ಲಿ 48 ಪಿಕ್ಸೆಲ್‌ಗಿಂತ ಸಣ್ಣ ಕನ್ನಡ ಬೇಡ. ಬ್ಯಾನರಿನ ವಿನ್ಯಾಸವನ್ನೇ ಕುಗ್ಗಿಸಿ ಕಳಿಸಬೇಡಿ. ದಿನ, ಸಮಯ, ಸ್ಥಳವನ್ನು ಚಿತ್ರದ ಕೆಳಗೆ ಪಠ್ಯವಾಗಿಯೂ ಬರೆಯಿರಿ. ಕಣ್ಣು ಮಂಜಾದವರ ಫೋನ್ ಅದನ್ನು ಓದಿ ಹೇಳಬಲ್ಲದು.

8. ಚಿತ್ರ, ಬಣ್ಣ

ಈಗ ಚಿತ್ರ. ಹಿಮದ ಬೆಟ್ಟ, ಪೈನ್ ಕಾಡು, ಯಾವುದೋ ದೇಶದ ಗೋಧಿ ಹೊಲ ಅಂತರ್ಜಾಲದಲ್ಲಿ ಬೇಗ ಸಿಗುತ್ತವೆ, ಆದರೆ ಅವು ಯಾರ ಸಭೆಯವೂ ಅಲ್ಲ. ವಿಜಯಪುರದ ಸುಗ್ಗಿ ಹಬ್ಬಕ್ಕೆ ಬಿಳಿಜೋಳದ ತೆನೆ ಇರಲಿ. ಇಳಕಲ್ ಸೀರೆಯ ಕೆಂಪು ಸೆರಗಿನ ತೋಪು ತೆನಿ, ಗುಳೇದಗುಡ್ಡದ ಖಣದ ನೇಯ್ಗೆ, ಬಾದಾಮಿಯ ಕೆಂಪು ಕಲ್ಲು ಎಲ್ಲವೂ ಅಂಚಿಗೆ, ಹಿನ್ನೆಲೆಗೆ ಒದಗುತ್ತವೆ. ಖಣದ ಒಂದು ತುಂಡನ್ನು ಬೆಳಗಿನ ನೆರಳಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆದರೆ ಯಾರ ಅನುಮತಿಯೂ ಬೇಡದ ಹಿನ್ನೆಲೆ ಸಿದ್ಧ. ಹುಡುಕಾಟದಲ್ಲಿ ಸಿಕ್ಕ ಫೋಟೋ ಉಚಿತವಲ್ಲ ಎಂಬುದು ನೆನಪಿರಲಿ.

ಬಣ್ಣಕ್ಕೆ ಸಭೆಯ ಕಾಲಚಕ್ರವೇ ದಾರಿ: ಆಗಮನ ಕಾಲ ಮತ್ತು ತಪಸ್ಸುಕಾಲಕ್ಕೆ ನೇರಳೆ, ಕ್ರಿಸ್ಮಸ್ ಮತ್ತು ಪುನರುತ್ಥಾನಕ್ಕೆ ಬಿಳಿ-ಬಂಗಾರ, ಪಂಚಾಶತ್ತಮಕ್ಕೆ ಕೆಂಪು, ಸಾಧಾರಣ ಕಾಲಕ್ಕೆ ಹಸಿರು. ಬಿಳಿಯ ಮೇಲೆ ಹಳದಿ ಅಕ್ಷರ ಹಾಕಬೇಡಿ. ರಾತ್ರಿ ಹಳದಿ ದೀಪದಡಿ ಅದು ಇಲ್ಲವಾಗುತ್ತದೆ.

ಜನರ ಫೋಟೋ ವಿಷಯದಲ್ಲಿ ನಾವು ಬಿಗಿ. ಮಕ್ಕಳ ಫೋಟೋಗೆ ಪಾಲಕರ ಬರವಣಿಗೆಯ ಒಪ್ಪಿಗೆ ಬೇಕು, ಹಾಸ್ಟೆಲ್ ಮಕ್ಕಳದ್ದಾದರೂ. ಅಕ್ಕಿ ಚೀಲ ಪಡೆಯುತ್ತಿರುವ ತಾಯಿಯ ಮುಖ ತೋರಿಸಬೇಡಿ. ಕೊಡುವ ಕೈ, ಚೀಲ, ಕೆಲಸ ಮಾಡುತ್ತಿರುವ ಸ್ವಯಂಸೇವಕರನ್ನು ತೋರಿಸಿ.

9. ಪ್ರೂಫ್, ವೇಳೆ, ಆಮೇಲೆ

ಪ್ರೂಫನ್ನು ವಿನ್ಯಾಸ ಮಾಡಿದವರೇ ನೋಡಿದರೆ ತಪ್ಪು ಸಿಗುವುದಿಲ್ಲ. ಎ4 ಹಾಳೆಯಲ್ಲಿ ಅಚ್ಚು ಹಾಕಿ, ಕಾರ್ಯಕ್ರಮದ ಬಗ್ಗೆ ಏನೂ ಗೊತ್ತಿಲ್ಲದ ಹಿರಿಯರೊಬ್ಬರ ಕೈಗೆ ಕೊಡಿ: ‘ಅಕ್ಕಾರ, ಇದನ್ನ ಒಂದ್ಸಲ ನೋಡ್ರಿ. ಕೂಟ ಎಲ್ಲೈತಿ, ಯಾವಾಗೈತಿ ಹೇಳ್ರಿ.’ ಹತ್ತು ಎಣಿಸುವಷ್ಟರಲ್ಲಿ ಹೇಳಿದರೆ ಸರಿ. ಹುಡುಕಿದರೆ ಅವರ ಬೆರಳು ಎಲ್ಲಿ ಅಲೆಯಿತು ಎಂದು ನೋಡಿ, ಅಲ್ಲಿ ತಿದ್ದಿ. ಆಮೇಲೆ ಬೇರೊಬ್ಬರು ದಿನಾಂಕಕ್ಕೂ ವಾರಕ್ಕೂ ಕ್ಯಾಲೆಂಡರಿನಲ್ಲಿ ತಾಳೆ ನೋಡಲಿ, ಫೋನ್ ನಂಬರಿಗೆ ನಿಜವಾಗಿಯೂ ಕರೆ ಮಾಡಲಿ.

ತುಳಸಿ ಲಗ್ನ ಮುಗಿದ ಕೂಡಲೇ ಮದುವೆ ಪತ್ರಿಕೆಗಳ ಹಂಗಾಮು, ಅದರ ಬೆನ್ನಿಗೆ ಹೊಸ ವರ್ಷದ ಕ್ಯಾಲೆಂಡರು, ಡೈರಿ. ಪ್ರೆಸ್ಸಿನವರಿಗೆ ಆಗ ಉಸಿರಾಡಲು ಪುರಸೊತ್ತಿರುವುದಿಲ್ಲ. ಸಭೆಯ ಕ್ಯಾಲೆಂಡರಿನ ಪಠ್ಯ ಅಕ್ಟೋಬರ್ ಕೊನೆಗೆ, ಕ್ರಿಸ್ಮಸ್ ಕರಪತ್ರದ್ದು ನವೆಂಬರ್ ಮಧ್ಯಕ್ಕೆ ಅಂತಿಮವಾಗಿರಲಿ. 200ಕ್ಕಿಂತ ಕಡಿಮೆ ಪ್ರತಿ ಬೇಕಿದ್ದರೆ ಡಿಜಿಟಲ್ ಮುದ್ರಣ ಅಗ್ಗ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚೇ ದೊಡ್ಡದು, 500ಕ್ಕೂ 1000ಕ್ಕೂ ಹೆಚ್ಚೇನೂ ಅಂತರ ಬರುವುದಿಲ್ಲ.

ಕಾರ್ಯಕ್ರಮ ಮುಗಿದ ಮರುದಿನವೇ ಬ್ಯಾನರ್ ಇಳಿಸಿ. ಬಟ್ಟೆಯನ್ನು ಮಡಚದೆ ಕೋಲಿಗೆ ಸುತ್ತಿಡಿ, ದಿನಾಂಕದ ಪಟ್ಟಿಯನ್ನು ಬೇರೆ ಬಟ್ಟೆಯಲ್ಲಿ ಹೊಲಿಸಿದ್ದರೆ ಬರುವ ವರ್ಷವೂ ಅದೇ ಬರುತ್ತದೆ. ಕಂಪ್ಯೂಟರಿನಲ್ಲಿ ಕಾರ್ಯಕ್ರಮಕ್ಕೊಂದು ಕಡತ ಮಾಡಿ ಸಹಿಯಾದ ಹಾಳೆ, ಯುನಿಕೋಡ್ ಪಠ್ಯ, ಫಾಂಟ್, ತಿದ್ದುವ ಫೈಲ್, ಪಿಡಿಎಫ್ ಐದನ್ನೂ ಒಟ್ಟಿಗೆ ಇಡಿ. ಇಡುವ ಮೊದಲು ತಿದ್ದುವ ಫೈಲಿನಿಂದ ವಾರ, ದಿನಾಂಕ, ಸಮಯ ಅಳಿಸಿ ಆ ಜಾಗ ಖಾಲಿ ಬಿಡಿ. ಮುಂದಿನ ಸಲ ದಿನಾಂಕ ಮಾತ್ರ ಬದಲಾಗಿ ಹಳೆಯ ವಾರ ಹಾಗೇ ಉಳಿದು ಅಚ್ಚಾಗುವ ತಪ್ಪು ಇದರಿಂದ ತಪ್ಪುತ್ತದೆ.